ಮಾವ ಬಂದ ಬೇಸಿಗೆ

ಮೊನ್ನೆ ಕಲ್ಯಾಣದುರ್ಗದಲ್ಲಿ ಬಸ್ಸಿಳಿದು ಅತ್ತಿಗೆಯ ಮನೆಯ ಸಂದಿಗೆ ತಿರುಗಿದ್ದೇ ತಡ, ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಮಹಡಿಯ ಮೇಲೆ ಸಂಡಿಗೆಗೆ ಅಕ್ಕಿಹಿಟ್ಟು ಕಾಯಿಸುತ್ತಿದ್ದರು. ಉಳಿದವರಿಗೆ ಅದು ಸಂಡಿಗೆಯ ವಾಸನೆ. ನೇಯುವವರ ಮನೆಯಲ್ಲಿ ಹುಟ್ಟಿದ ನನಗೆ ಅದು ನೂಲಿಗೆ ಗಂಜಿ ಹಾಕುವ ವಾಸನೆ, ಮಗ್ಗದ ಮನೆಯ ವಾಸನೆ. ಮಗ್ಗದ ಮನೆ ನೆನಪಾದರೆ ಮಾವ ನೆನಪಾಗುತ್ತಾನೆ. ಮಾವ ನೆನಪಾದರೆ ಎರಡು ವರ್ಷದ ಹಿಂದಿನ ಆ ಬೇಸಿಗೆ. ಈ ಮಾವ ನಮ್ಮ ಮನೆಯವನಲ್ಲ, ಯಾರ ಮನೆಯವನೂ ಅಲ್ಲ. ಕಾಗದದ ಮೇಲೆ ಬರೆದ ಮನುಷ್ಯ.

ನಾನು ಆಂಧ್ರದ ಗಡಿಯ ಹಿಂದೂಪುರದಲ್ಲಿ ಸೀರೆ ಅಂಗಡಿ ಇಟ್ಟವನು. ಅಂಗಡಿ ಇಡುವ ಮೊದಲು ಹೆಗಲ ಮೇಲೆ ಗಂಟು ಹೊತ್ತು ಪರಿಗಿ, ಕಲ್ಯಾಣದುರ್ಗ, ಬ್ರಹ್ಮಸಮುದ್ರದ ಕಡೆಯ ಹಳ್ಳಿಗಳಲ್ಲಿ ಮನೆ ಮನೆ ಸುತ್ತಿದವನು. ಆ ಸುತ್ತಾಟ ಕಲಿಸಿದ ಒಂದು ಮಾತನ್ನು ಕೇಳದವರಿಗೂ ಹೇಳುತ್ತೇನೆ: ಮಡಿಕೆ ಪೂರ್ತಿ ಬಿಡಿಸಿ ನೋಡದೆ ಸೀರೆ ಕೊಳ್ಳಬೇಡಿ, ಮಾರುವವನು ನಿಮ್ಮ ಸ್ವಂತ ಅಣ್ಣನಾದರೂ ಸರಿ. ಇಷ್ಟು ಹೇಳುವ ನಾನೇ ಒಂದು ಸರಕನ್ನು ನಲವತ್ತು ವರ್ಷ ಮಡಿಕೆ ಬಿಚ್ಚದೆ ಇಟ್ಟುಕೊಂಡಿದ್ದೆ.

ಆ ವರ್ಷ ಏಪ್ರಿಲ್ ಕೊನೆಗೆ ಹಿಂದೂಪುರದ ಥಿಯೇಟರಿನ ಗೋಡೆಗೆ ಒಂದು ಪೋಸ್ಟರು ಬಿತ್ತು. ಮಕ್ಕಳೂ ದೊಡ್ಡವರೂ ಕೂತು ನೋಡುವಂಥ ಆನಿಮೇಷನ್ ಸಿನಿಮಾ. ಆಕಾಶದಲ್ಲಿ ಒಂದು ದೊಡ್ಡ ಬಲೂನು, ಅದಕ್ಕೆ ತೂಗುಹಾಕಿದ ಬುಟ್ಟಿಯಲ್ಲಿ ಎರಡು ಜಡೆಯ ಹುಡುಗಿ, ಅವಳ ತಮ್ಮ, ಕೊಂಬು ಮುರಿದ ಒಂದು ಮೇಕೆ. ಕೆಳಗೆ ಹಗ್ಗಕ್ಕೆ ಜೋತುಬಿದ್ದ ದಪ್ಪ ಮೀಸೆಯವನು, ಹೆಗಲಲ್ಲಿ ಮೂಟೆ. ನಡುರಸ್ತೆಯಲ್ಲೇ ಸ್ಕೂಟರ್ ನಿಲ್ಲಿಸಿಬಿಟ್ಟೆ. ಹಿಂದಿದ್ದ ಆಟೋದವನು ತೆಲುಗಿನಲ್ಲಿ ಬೈದ, ಕನ್ನಡದಲ್ಲೂ ಬೈದ. ನನಗೆ ಕೇಳಿಸಿದ್ದು ನನ್ನ ಬಾಯಿಂದ ಬಂದ ಮಾತು ಮಾತ್ರ: "ಅಯ್ಯೋ, ನಮ್ಮ ಮಾವ!"

ನಲವತ್ತು ವರ್ಷದ ಹಿಂದೆ ಹಿಂದೂಪುರದ ನಮ್ಮ ಮನೆಯಲ್ಲಿ ಆರು ಗುಂಡಿ ಮಗ್ಗ. ನನಗೆ ಹದಿನೇಳು, ಬಾಗಿಲ ಕಡೆಯ ಕೊನೆಯ ಮಗ್ಗ ನನ್ನದು. ನೇಯುವವನ ಕೈಗೂ ಕೆಲಸ, ಕಾಲಿಗೂ ಕೆಲಸ, ಕಣ್ಣು ಎಳೆ ಬಿಟ್ಟು ಆಚೆ ಹೋಗುವಂತಿಲ್ಲ. ಖಾಲಿ ಇರುವುದು ಕಿವಿ ಒಂದೇ. ಅದಕ್ಕೇ ನಮ್ಮ ಬೀದಿಯ ಮಗ್ಗದ ಮನೆಗಳಲ್ಲಿ ಮಧ್ಯಾಹ್ನ ಯಾರಾದರೂ ಕೂತು ಓದಿ ಹೇಳುವ ರೂಢಿ. ಪಕ್ಕದ ಮನೆಯಲ್ಲಿ ಪುರಾಣ ಓದುತ್ತಿದ್ದರು. ನಮ್ಮಲ್ಲಿ ಮಾತ್ರ ಕಾಮಿಕ್ಸ್. ನಮ್ಮಣ್ಣ ಬಸ್ ಸ್ಟ್ಯಾಂಡಿನ ಬಾಡಿಗೆ ಪುಸ್ತಕದ ಅಂಗಡಿಯಿಂದ ವಾರಕ್ಕೊಂದು ತರುತ್ತಿದ್ದ. ಪರದೇಶದ ಹಳೆಯ ಚಿತ್ರಕತೆಯಂತೆ, ತೆಲುಗಿಗೆ ಮಾಡಿ ಭಾಗ ಭಾಗವಾಗಿ ಅಚ್ಚು ಹಾಕಿದ್ದರು.

ಓದುತ್ತಿದ್ದವರು ನಮ್ಮ ಅತ್ತಿಗೆ ಗಂಗಮ್ಮ. ಪಾವಗಡದ ಕಡೆಯಿಂದ ಮದುವೆಯಾಗಿ ಬಂದು ವಾರವೂ ಆಗಿರಲಿಲ್ಲ, ನಮ್ಮಮ್ಮ ಕೈಗೆ ಪುಸ್ತಕ ಕೊಟ್ಟು ನಡುವೆ ಕೂರಿಸಿದ್ದಳು. ಕಾಮಿಕ್ಸ್ ಓದಿ ಹೇಳುವುದು ಸುಲಭವಲ್ಲ. ಮಾತು ನಾಲ್ಕಾಣೆ, ಚಿತ್ರ ಹನ್ನೆರಡಾಣೆ. ಚಿತ್ರವನ್ನು ನಾವು ನೋಡುವಂತಿಲ್ಲ, ಅವರು ಬಾಯಲ್ಲೇ ಬಿಡಿಸಬೇಕು. "ಬಲೂನು ಈಗ ಬೆಟ್ಟದ್ ಮ್ಯಾಲೈತೆ, ಮೇಕೆ ಮೋಡಾನ ಹುಲ್ಲು ಅಂದ್ಕಂಡು ಬಾಯಾಕ್ತಾ ಐತೆ" ಅಂದರೆ ಆರು ಮಗ್ಗದವರೂ ನಗುತ್ತಿದ್ದೆವು, ಲಾಳಿ ನಿಲ್ಲಿಸದೆ. ಪುಸ್ತಕ ಮುಟ್ಟಲು ಮಾತ್ರ ಯಾರನ್ನೂ ಬಿಡುತ್ತಿರಲಿಲ್ಲ. "ಬಾಡಿಗೆ ಪುಸ್ತಕ ಕಣ್ರಪ್ಪ, ಗಂಜಿ ಕೈಲಿ ಮುಟ್ಬ್ಯಾಡಿ" ಎಂದು ಓದು ಮುಗಿದ ಕೂಡಲೆ ಟ್ರಂಕಿಗೆ ಹಾಕುತ್ತಿದ್ದರು.

ಕತೆ ಇಷ್ಟು. ಅಪ್ಪನನ್ನು ಹುಡುಕಿಕೊಂಡು ಅಕ್ಕ ತಮ್ಮ ಬಲೂನಿನಲ್ಲಿ ಹೊರಟಿದ್ದಾರೆ. ಅವರ ಸೋದರಮಾವ, ಆ ದಪ್ಪ ಮೀಸೆಯವನು, ಯುಗಾದಿ ಹಬ್ಬಕ್ಕೆ ಮಕ್ಕಳನ್ನು ಮನೆಗೆ ಕರೆದುಕೊಂಡು ಹೋಗಲು ಹಿಂದೆಯೇ ಓಡಿ ಬರುತ್ತಾನೆ. ಮೂಟೆಯಲ್ಲಿ ಹೊಸ ಬಟ್ಟೆ, ಕಡ್ಲೆಪುರಿ, ಬೆಲ್ಲ. ಪ್ರತಿ ವಾರವೂ ಇನ್ನೇನು ಮಕ್ಕಳು ಕೈಗೆ ಸಿಗಬೇಕು, ಬಲೂನು ಮೇಲಕ್ಕೆ ಹೋಗಿಬಿಡುತ್ತಿತ್ತು. ಮಾವ ಕೆಸರಿಗೆ ಬೀಳುತ್ತಿದ್ದ, ನದಿಗೆ ಬೀಳುತ್ತಿದ್ದ. ನಾವು ಲೊಚಗುಟ್ಟುತ್ತಿದ್ದೆವು. ಮೊದಲನೇ ಮಗ್ಗದ ನರಸಿಂಹಪ್ಪನಿಗಂತೂ ಒಂದೇ ಚಿಂತೆ. "ಅಮ್ಮಾ, ಅಕ್ಕನ್ ಮಕ್ಳಿಂದೆ ಓಡಿ ಓಡಿ ವಯಸ್ಸಾಗೋಯ್ತಲ್ಲಮ್ಮ ಆವಯ್ಯಂಗೆ. ಮದ್ವೆ ಯಾವಾಗ?" ಅತ್ತಿಗೆ ಹಾಳೆ ತಿರುಗಿಸಿ, "ಈ ವಾರ ಬರ್ದಿಲ್ಲ ಕಣಣ್ಣ, ಬರೋ ವಾರ ನೋಡಾನ" ಅನ್ನುತ್ತಿದ್ದರು.

ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಬಸ್ ಸ್ಟ್ಯಾಂಡಿನ ಅಂಗಡಿ ಎತ್ತಿದರು, ಕತೆ ಅಲ್ಲಿಗೇ ನಿಂತಿತು. ಅತ್ತಿಗೆಗೆ ಓದಿದವರು ಅನ್ನುವ ಹೆಸರು ಮಾತ್ರ ನಿಂತುಬಿಟ್ಟಿತು. ಬೀದಿಯವರೆಲ್ಲ 'ಟೀಚರಮ್ಮ' ಅನ್ನುತ್ತಿದ್ದರು. ಮದುವೆಯ ಮಾತುಕತೆಗೆ, ಮಕ್ಕಳ ಶಾಲೆಯ ವಿಷಯಕ್ಕೆ ಅವರನ್ನು ಕೇಳದೆ ಮುಂದೆ ಹೋಗುತ್ತಿರಲಿಲ್ಲ.

ಪೋಸ್ಟರು ನೋಡಿದ ದಿನವೇ ಅತ್ತಿಗೆಗೆ ಫೋನ್ ಮಾಡಿದೆ. ಅಣ್ಣ ಹೋದ ಮೇಲೆ ಅವರು ಕಲ್ಯಾಣದುರ್ಗದಲ್ಲಿ ಮಗಳು ಪದ್ಮನ ಮನೆಯಲ್ಲಿದ್ದಾರೆ.

"ಅತ್ತಿಗೆ, ಮಾವ ಬಂದವ್ನೆ! ಸಿನಿಮಾ ಆಗಿ ಬಂದವ್ನೆ! ನಾಳೆ ಬಸ್ ಹತ್ತಿ."

"ಬಿಸ್ಲು ಕಣಪ್ಪ ರಾಮಾಂಜಿ. ಮಂಡಿನೋವು ಬ್ಯಾರೆ."

"ಮೂರು ಗಂಟೆ ದಾರಿ. ಕಾರ್ ಕಳಿಸ್ತೀನಿ."

"ಸಂಡಿಗೆ ಹಾಕ್ಬೇಕು."

"ಸಂಡಿಗೆ ನಾಳಿದ್ದು ಹಾಕಿದ್ರಾಯ್ತು."

"ನೀವೆಲ್ಲ ನೋಡ್ಕಂಬನ್ರಿ. ನಂಗ್ಯಾಕೆ ಗೊಂಬೆ ಸಿನಿಮಾ."

ವ್ಯಾಪಾರದಲ್ಲಿ ನಾನು ಪಳಗಿದವನು. ಎದುರಿನವರು ಬೇಡ ಅಂದರೆ ಸರಕು ಬೇಡ ಅಂತಲ್ಲ, ಕೊಡುವ ರೀತಿ ಸರಿ ಬರಲಿಲ್ಲ ಅಂತ. ಅವರಿಗೆ ಬರಲು ಕಷ್ಟ, ಸರಿ. ಸಿನಿಮಾವನ್ನೇ ಅವರ ಊರಿಗೆ ಒಯ್ದರೆ? ಈ ಉಪಾಯ ಹೊಳೆದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಪರಿಗಿ ರಸ್ತೆಯ ತನ್ನ ಮನೆಯಲ್ಲಿ ಮೊಮ್ಮಕ್ಕಳನ್ನು ಆಡಿಸಿಕೊಂಡಿದ್ದ ನರಸಿಂಹಪ್ಪನಿಗೆ ಹೇಳಿದರೆ, "ನಡಿಯಪ್ಪ, ಟೀಚರಮ್ಮನ ಪಕ್ಕದಾಗ್ ಕುಂತೇ ನೋಡ್ಬೇಕು ನಾನು" ಎಂದ. ಹಳೆಯ ಮಗ್ಗದವರು, ಹೆಂಡತಿ ಮಕ್ಕಳು ಸೇರಿ ಹದಿನೈದು ಜನ ಆದರು.

ಹಿಂದೂಪುರದಲ್ಲಿ ಸಿನಿಮಾ ಒಂದು ವಾರ ಓಡಿತು. ನಾನು ನೋಡಲಿಲ್ಲ, ಅತ್ತಿಗೆಗಿಂತ ಮೊದಲು ನೋಡುವುದು ಮರ್ಯಾದೆಯಲ್ಲ ಅನ್ನಿಸಿತು. ಫೋನಿನಲ್ಲಿ ಬರುವ ಎರಡು ನಿಮಿಷದ ತುಣುಕು ಮಾತ್ರ ನೋಡಿದೆ. ಅದರಲ್ಲೂ ಮಾವ ಮೂಟೆ ಹೊತ್ತು ಮಕ್ಕಳ ಹಿಂದೆ ಓಡುತ್ತಿದ್ದ. ಪಾಪ, ಇನ್ನೂ ಓಡುತ್ತಲೇ ಇದ್ದಾನಲ್ಲ ಅಂದುಕೊಂಡೆ.

ಕಲ್ಯಾಣದುರ್ಗದ ಥಿಯೇಟರ್ ಮ್ಯಾನೇಜರು ತೆಲುಗಿನವನು, ಒಳ್ಳೆಯ ಗಟ್ಟಿ ಆಸಾಮಿ. ಭಾನುವಾರ ಬೆಳಗಿನ ಒಂದು ಆಟ ಹಾಕಿಕೊಡು ಅಂದರೆ, "ಅನ್ನಾ, ಪಿಲ್ಲಲ ಬೊಮ್ಮ. ಎವರು ಚೂಸ್ತಾರು?" ಎಂದು ಹಲ್ಲಿಗೆ ಕಡ್ಡಿ ಹಾಕಿಕೊಂಡು ಕೂತ. ಮಕ್ಕಳ ಸಿನಿಮಾ ಯಾರು ನೋಡುತ್ತಾರೆ ಅಂತ. ಇಂಥವರ ಜೊತೆ ಒಂದೇ ಸಲಕ್ಕೆ ಎಲ್ಲ ಕೇಳಬಾರದು. ಕುರ್ಚಿ ಎಳೆದು ಕೂತು ಮೊದಲು ಅವರ ಮಗಳ ಮದುವೆ ವಿಚಾರಿಸಬೇಕು. ವಿಚಾರಿಸಿದೆ. ಚಹಾ ಎರಡು ಸಲ ಬಂತು. ತೊಂಬತ್ತು ಜನರನ್ನು ನಾನು ಕರೆತರಬೇಕು, ಅವನು ಪೆಟ್ಟಿಗೆಯವರಿಗೆ, ಅಂದರೆ ಡಿಸ್ಟ್ರಿಬ್ಯೂಟರಿಗೆ, ಫೋನ್ ಮಾಡಿ ಸಿನಿಮಾ ತರಿಸಬೇಕು. ಎಲ್ಲ ಫ್ಯಾನೂ ಹಾಕಬೇಕು. ಮಂಡಿನೋವಿನವರಿಗೆ ಬಾಗಿಲ ಪಕ್ಕದ ಸಾಲು ಬಿಡಬೇಕು. ಎಲ್ಲಕ್ಕೂ ತಲೆ ಆಡಿಸಿದ. ವಯಸ್ಸಾದವರಿದ್ದಾರೆ, ಸೌಂಡು ಸ್ವಲ್ಪ ತಗ್ಗಿಸು ಅಂದದ್ದಕ್ಕೆ ಮಾತ್ರ ಎದ್ದು ನಿಂತುಬಿಟ್ಟ. "ಸೌಂಡಾ? ಕುದರದು ಅನ್ನಾ. ನಾ ಥಿಯೇಟರ್ಲೋ ಸೌಂಡೇ ಪ್ರಾಣಂ." ಸೌಂಡೇ ಪ್ರಾಣ ಅಂದವನ ಹತ್ತಿರ ಏನು ಎಳೆದಾಡುವುದು. ಅಲ್ಲಿ ಸೋತೆ.

ತೊಂಬತ್ತು ಜನ ಎಲ್ಲಿಂದ? ಬ್ರಹ್ಮಸಮುದ್ರದ ಕಡೆ ಇಪ್ಪತ್ತು ವರ್ಷ ಸೀರೆ ಮಾರಿದ್ದು ಅಲ್ಲಿ ಕೆಲಸಕ್ಕೆ ಬಂತು. ಮೇ ತಿಂಗಳಲ್ಲಿ ಹೊಲದಲ್ಲಿ ಕೆಲಸವಿಲ್ಲ, ಹೆಂಗಸರು ಜಗುಲಿಯಲ್ಲಿ ಕೂತು ಬಿತ್ತನೆಗೆ ಕಡ್ಲೆಕಾಯಿ ಸುಲಿಯುತ್ತಿದ್ದರು, ಮಕ್ಕಳಿಗೆ ರಜಾ. ಮಕ್ಕಳನ್ನು ಕರೆದುಕೊಂಡು ಬಂದ ಮನೆಗೊಂದು ರವಿಕೆ ಬಟ್ಟೆ ಅಂದೆ, ಜೊತೆಗೆ ಎಲ್ಲರಿಗೂ ಮಜ್ಜಿಗೆ. "ಊಟ ಇಲ್ವೇನಣ್ಣ?" ಎಂದಳೊಬ್ಬಳು. "ಸಿನಿಮಾ ತೋರ್ಸಿ ಊಟಾನೂ ಹಾಕಾಕೆ ಇದೇನು ಮದ್ವೆ ಮನೇನಾ?" ಎಂದೆ. ಎಲ್ಲರೂ ನಕ್ಕರು. ಒಂದೇ ಭಯವಿತ್ತು. ಶನಿವಾರ ರಾತ್ರಿ ಮಳೆ ಬಿದ್ದರೆ ಭಾನುವಾರ ಎಲ್ಲರೂ ಹೊಲಕ್ಕೆ ಓಡುತ್ತಾರೆ, ಸಿನಿಮಾಕ್ಕೆ ನಾನೂ ಮ್ಯಾನೇಜರೂ.

ಶನಿವಾರ ಮಧ್ಯಾಹ್ನವೇ ಕಲ್ಯಾಣದುರ್ಗಕ್ಕೆ ಹೋದೆ. ಅತ್ತಿಗೆ ಮಹಡಿಯ ಮೇಲೆ ಹಳೆಯ ಸೀರೆ ಹಾಸಿ ಸಂಡಿಗೆ ಇಡುತ್ತಿದ್ದರು. ಬಾಗಿಲ ಪಕ್ಕದ ಸಾಲು, ಫ್ಯಾನು, ಹಿಂದೂಪುರದಿಂದ ಜೀಪಿನಲ್ಲಿ ಬರುವ ನರಸಿಂಹಪ್ಪ, ಎಲ್ಲ ಹೇಳಿ ಮುಗಿಸಿದೆ. ಹೊಗಳುತ್ತಾರೆ ಅಂತ ಕಾದೆ. ಅವರು ಕೈಯಲ್ಲಿದ್ದ ಸೌಟನ್ನು ಪಾತ್ರೆಗೆ ಬಿಟ್ಟು ಅಲ್ಲೇ ಕೂತುಬಿಟ್ಟರು.

"ಏನ್ ಮಾಡ್ಬುಟ್ಯೋ ರಾಮಾಂಜಿ. ನಾನ್ ಬ್ಯಾಡ ಬ್ಯಾಡ ಅಂದ್ರೆ ಮನೆ ಬಾಗ್ಲಿಗೇ ತಂದ್ಬುಟ್ಯಲ್ಲೋ."

"ಯಾಕತ್ತಿಗೆ, ಏನಾಯ್ತು?"

"ನಂಗೆ ಆವಾಗ ತೆಲುಗು ಓದಾಕೆ ಬತ್ತಿರ್ಲಿಲ್ಲ ಕಣೋ."

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಮದುವೆಯಾದ ಆ ವಾರ ನಮ್ಮಮ್ಮ ಕೇಳಿದ್ದು 'ಓದಾಕ್ ಬತ್ತದಾ?' ಅಂತ ಅಷ್ಟೆ. ಪಾವಗಡದ ಕಡೆಯ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕನ್ನಡ ಓದಿದ್ದ ಹುಡುಗಿ 'ಊಂ' ಅಂದಿದ್ದಳು. ಸುಳ್ಳೇನಲ್ಲ. ಕೈಗೆ ಬಂದದ್ದು ತೆಲುಗು ಪುಸ್ತಕ. ಸುತ್ತ ಆರು ಮಗ್ಗ, ಹೊಸ್ತಿಲಲ್ಲಿ ಅತ್ತೆ. ಬರುವುದಿಲ್ಲ ಅನ್ನಲು ಬಾಯಿ ಬರಲಿಲ್ಲ. ಚಿತ್ರ ನೋಡಿದರು. ಮೀಸೆಯವನೊಬ್ಬ ಮೂಟೆ ಹೊತ್ತು ಮಕ್ಕಳ ಹಿಂದೆ ಓಡುತ್ತಿದ್ದ.

"ಅಷ್ಟು ಪ್ರೀತಿಯಿಂದ ಮೂಟೆ ಹೊತ್ಕಂಡು ಅಕ್ಕನ್ ಮಕ್ಳಿಂದೆ ಯಾರ್ ಓಡ್ತಾರೆ? ಸೋದರಮಾವ್ನೇ ಅಲ್ವಾ? ಹಂಗೇ ಅಂದ್ಬುಟ್ಟೆ."

"ಆಮೇಲಾದ್ರೂ..."

"ಆರೇ ತಿಂಗ್ಳಿಗೆ ತೆಲುಗು ಕಲ್ತ್ಕಂಡೆ. ಓದ್ ನೋಡಿದ್ರೆ ಅವ್ನು ಮಾವಾನೂ ಅಲ್ಲ ಏನೂ ಅಲ್ಲ, ಕಳ್ಳ! ಮಕ್ಳತ್ರ ಇರೋ ನಕ್ಷೆ ಕದಿಯಾಕೆ ಓಡ್ತಾ ಇರೋನು. ಮೂಟೇಲಿ ಬಲೆ, ಹಗ್ಗ. ಅಷ್ಟೊತ್ಗೆ ನರಸಿಂಹಪ್ಪಣ್ಣ ಅವ್ನಿಗೆ ಹೆಣ್ ನೋಡಾಕೆ ಶುರು ಮಾಡಿದ್ದ. ಹೆಂಗಪ್ಪ ಹೇಳಾದು?"

ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. "ನಿಂಗೆ ನಗು. ನಲವತ್ತು ವರ್ಸ ಟೀಚರಮ್ಮ ಅಂದವ್ರೆ. ನಾಳೆ ಅವ್ರ ಮೊಮ್ಮಕ್ಳ ಮುಂದೆ ನನ್ನೇನಂತಾರೆ?"

ಆಗ ಹೊಳೆಯಿತು. ಬೇಡ ಅಂದದ್ದು ದಾರಿಗಲ್ಲ, ಬಿಸಿಲಿಗಲ್ಲ. ನಾನು ಎರಡು ವಾರದಿಂದ ಚೌಕಾಸಿ ಮಾಡುತ್ತಿದ್ದದ್ದು ಅವರ ಮರ್ಯಾದೆಯ ಜೊತೆ. ವ್ಯಾಪಾರ ಕಲಿಯುವ ಹುಡುಗರಿಗೆ ಈಗ ಇದನ್ನೂ ಸೇರಿಸಿ ಹೇಳುತ್ತೇನೆ: ಬೇಡ ಅಂದವರನ್ನು ಯಾಕೆ ಅಂತ ಒಂದು ಸಲ ಸುಮ್ಮನೆ ಕೇಳಿ. ಕೇಳಿ ಬಾಯಿ ಮುಚ್ಚಿಕೊಂಡಿರಿ.

ಆ ಹೊತ್ತಿಗೆ ಮಾತ್ರ ನನ್ನ ಬಾಯಿ ಮುಚ್ಚಲಿಲ್ಲ. "ಸಿನಿಮಾದೋರು ಕತೆ ಬದಲಾಯ್ಸವ್ರೆ ಅಂತ ಹೇಳ್ಬುಡಾನ ಅತ್ತಿಗೆ. ಯಾರಿಗ್ ಗೊತ್ತಾಯ್ತದೆ?"

"ಸುಳ್ಳಿನ್ ಮ್ಯಾಲಿನ್ನೊಂದು ಸುಳ್ಳಾ? ಎದ್ದೋಗು" ಎಂದು ಸೌಟು ಎತ್ತಿಕೊಂಡರು. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ. ಸಂಜೆ ಪಡುವಣಕ್ಕೆ ಮೋಡ ಎದ್ದಾಗ, ಇದೇ ಮೊದಲ ಸಲ, ಮಳೆ ಬಂದು ಎಲ್ಲ ನಿಂತುಹೋಗಲಿ ಅಂತ ಬೇಡಿಕೊಂಡೆ. ಮೋಡ ಗಾಳಿಗೆ ಹಾರಿಹೋಯಿತು.

ಬೆಳಿಗ್ಗೆ ಥಿಯೇಟರ್ ಮುಂದೆ ಜೀಪುಗಳ ಮೇಲೆ ಜೀಪು. ತೊಂಬತ್ತಲ್ಲ, ನೂರು ದಾಟಿತ್ತು. ನರಸಿಂಹಪ್ಪ ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು ಬಂದಿದ್ದ. "ಎಲ್ಲಯ್ಯಾ ಟೀಚರಮ್ಮ?" ಅಂದ. ನಾನು ಮಜ್ಜಿಗೆ ಕೊಟ್ಟೆ. ಇನ್ನೊಂದು ಸಲ ಕೇಳಿದ, ಇನ್ನೊಂದು ಲೋಟ ಕೊಟ್ಟೆ. ಆಟ ಶುರುವಾಗುವ ಗಂಟೆ ಹೊಡೆದಾಗ ಆಟೋ ಬಂತು. ಅತ್ತಿಗೆ ಗಿಣಿಹಸಿರು ಸೀರೆಯಲ್ಲಿ ಇಳಿದರು, ಪಕ್ಕದಲ್ಲಿ ಪದ್ಮನ ಮಗಳು ಎಂಟು ವರ್ಷದ ಹರ್ಷಿತ. ಯಾರ ಮುಖವನ್ನೂ ನೋಡದೆ ಬಾಗಿಲ ಪಕ್ಕದ ಸಾಲಿಗೆ ಹೋಗಿ ಕೂತರು.

ಬಲೂನು ಬಂತು. ಮೇಕೆ ಬಂತು. ನಾನು ಕಿವಿಯಲ್ಲಿ ಮಾತ್ರ ಕಂಡಿದ್ದ ಮೋಡ, ಬೆಟ್ಟ, ಮೊದಲ ಸಲ ಬಣ್ಣ ಹಾಕಿಕೊಂಡು ಎದುರಿಗೆ ಬಂದವು. ಆಮೇಲೆ ಮೀಸೆ ಬಂತು. ನರಸಿಂಹಪ್ಪ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದ. "ಬಂದ್ನಪ್ಪೋ ನಮ್ ಮಾವ!" ಹಳೆಯ ಮಗ್ಗದವರೆಲ್ಲ ಚಪ್ಪಾಳೆ ತಟ್ಟಿದರು. ಮಕ್ಕಳು ತಿರುಗಿ ತಿರುಗಿ ನೋಡಿದವು. ಕಳ್ಳನಿಗೆ ಯಾಕೆ ಈ ಮುದುಕರು ಚಪ್ಪಾಳೆ ತಟ್ಟುತ್ತಾರೆ?

ಅರ್ಧ ಗಂಟೆಯಲ್ಲಿ ಮಾವ ನಕ್ಷೆ ಕದ್ದ. ಮೂಟೆಯಿಂದ ಬಲೆ ತೆಗೆದ. ಚಿಕ್ಕ ಹುಡುಗನನ್ನು ಹಗ್ಗದಲ್ಲಿ ಕಟ್ಟಿದ. ಮಗ್ಗದವರ ಸಾಲು ತಣ್ಣಗಾಯಿತು. ಇಂಟರ್‌ವಲ್ ಅಂತ ಬಿದ್ದು ದೀಪ ಹತ್ತಿತು.

ಅತ್ತಿಗೆ ಎದ್ದರು. ಮಂಡಿ ಹಿಡಿದುಕೊಂಡು ನಿಧಾನಕ್ಕೆ ನಡೆದು ಹಳೆಯ ಮಗ್ಗದವರ ಮುಂದೆ ನಿಂತರು. ನೂರು ಜನ ನೋಡುತ್ತಿದ್ದರು.

"ನರಸಿಂಹಪ್ಪಣ್ಣ, ಎಲ್ರೂ ಕೇಳಿ. ಆವಾಗ ನಂಗೆ ತೆಲುಗು ಓದಾಕ್ ಬತ್ತಿರ್ಲಿಲ್ಲ. ಚಿತ್ರ ನೋಡಿ ಬಾಯಿಗ್ ಬಂದಿದ್ ಹೇಳ್ದೆ. ಇದು ಕಳ್ಳನ ಕತೆ. ಮಾವನ್ನ ಮಾಡಿದ್ದು ನಾನು. ತಪ್ಪಾಯ್ತು."

ಕಡ್ಲೆಕಾಯಿ ಮಾರುವವನು ಸಹ ನಿಂತುಬಿಟ್ಟ. ನರಸಿಂಹಪ್ಪ ಕನ್ನಡಕ ತೆಗೆದು ಷರಟಿನ ಅಂಚಿನಲ್ಲಿ ಒರೆಸಿದ.

"ಅದೇನ್ ಹೊಸ ಸುದ್ದಿ ಅಂತ ಹೇಳ್ತೀಯಮ್ಮ? ನಾನು ಏಳನೇ ಕ್ಲಾಸು, ತೆಲುಗ್ನಾಗೆ. ನೀನು ಒಂದಿನ ನೀರ್ ತರಾಕ್ ಹೋದಾಗ ಪುಸ್ತಕ ತೆಗ್ದು ನೋಡಿದ್ದೆ."

"ಗೊತ್ತಿತ್ತಾ?" ಅತ್ತಿಗೆ ಪಕ್ಕದ ಕುರ್ಚಿಯ ಬೆನ್ನು ಹಿಡಿದುಕೊಂಡರು.

"ಗೊತ್ತಿತ್ತು. ಹೇಳಿದ್ರೆ ನೀನು ನಿಲ್ಲಿಸ್ಬುಡ್ತಿದ್ದೆ. ಆ ಮಧ್ಯಾಹ್ನ ಹೆಂಗ್ ಕಳೀಬೇಕಿತ್ತಮ್ಮ ನಾವು? ಕಳ್ಳನ್ ಕತೆ ಯಾರಾದ್ರೂ ಹೇಳ್ತಾರೆ. ಹಬ್ಬಕ್ಕೆ ಕರ್ಯಾಕ್ ಬರೋ ಮಾವನ್ನ ನೀನೊಬ್ಳೇ ತಂದಿದ್ದು."

"ಗೊತ್ತಿದ್ದೂ ಮದ್ವೆ ಯಾವಾಗ, ಮದ್ವೆ ಯಾವಾಗ ಅಂತ ನನ್ ಪ್ರಾಣ ತಿಂದ್ಯಲ್ಲಣ್ಣ!"

"ನೀನೇನ್ ಹೇಳ್ತೀಯ ನೋಡಾನ ಅಂತ. ಬರೋ ವಾರ ಬರೋ ವಾರ ಅಂತ ಎರಡ್ ವರ್ಸ ಆಟ ಆಡ್ಸಿದೆ. ಇವತ್ತಾದ್ರೂ ಮಾಡ್ಸಮ್ಮ ಅವ್ನಿಗೆ."

ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ಅತ್ತಿಗೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ನಕ್ಕದ್ದು ಮಾತ್ರ ಗೊತ್ತು. ನರಸಿಂಹಪ್ಪ ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಅವರು ನಡುವೆ ಕೂತರು, ಮಗ್ಗದ ಮನೆಯಲ್ಲಿ ಕೂರುತ್ತಿದ್ದ ಹಾಗೆಯೇ.

ದೀಪ ಆರಿತು. ಹರ್ಷಿತ ಓಡಿ ಬಂದು ಅವರ ತೊಡೆ ಮೇಲೆ ಕೂತು ಕೇಳಿದಳು: "ಅಜ್ಜೀ, ನಿನ್ ಕತೇಲಿ ಈಗ ಮಾವ ಏನ್ ಮಾಡ್ತಾವ್ನೆ?" ಅತ್ತಿಗೆ ಅವಳ ಕಿವಿಯಲ್ಲಿ ಹೇಳತೊಡಗಿದರು. ಮುಂದಿನ ಸಾಲಿನ ಮಕ್ಕಳು ತಿರುಗಿದವು. ಬ್ರಹ್ಮಸಮುದ್ರದ ಹೆಂಗಸರು ಕುರ್ಚಿ ಬಿಟ್ಟು ಹತ್ತಿರ ಬಂದು ನೆಲದಲ್ಲೇ ಕೂತರು. "ಜೋರಾಗಿ ಹೇಳಮ್ಮ, ಕೇಳಾಕಿಲ್ಲ!" ಎಂದು ಹಿಂದಿನಿಂದ ಕೂಗು. ಮ್ಯಾನೇಜರು ಬಾಗಿಲಲ್ಲಿ ಬಂದು ನಿಂತ. ಗದರಿಸುತ್ತಾನೆ ಅಂದುಕೊಂಡು ನಾನು ಎದ್ದೆ. ಅವನು ಒಂದು ಗಳಿಗೆ ಕೇಳಿದ, ಮೇಲಿನ ಪ್ರೊಜೆಕ್ಟರ್ ಕಿಂಡಿಯ ಕಡೆ ಮುಖ ಮಾಡಿ ಕೂಗಿದ: "ರೇಯ್, ಸೌಂಡ್ ತಗ್ಗಿಂಚರಾ! ಅಮ್ಮ ಚೆಪ್ತೋಂದಿ."

ಅಮ್ಮ ಕತೆ ಹೇಳುತ್ತಿದ್ದಾರೆ, ಸೌಂಡು ತಗ್ಗಿಸು ಅಂತ. ನನ್ನಿಂದ ಆಗದ ವ್ಯಾಪಾರ ಅದು.

ಕೊನೆಗೆ ಪರದೆಯ ಮೇಲೆ ಪೊಲೀಸರು ಬಂದು ದಪ್ಪ ಮೀಸೆಯವನ ಕೈಗೆ ಬೇಡಿ ಹಾಕಿದರು. ಇಡೀ ಥಿಯೇಟರು ಪರದೆ ಬಿಟ್ಟು ಅತ್ತಿಗೆಯ ಕಡೆ ತಿರುಗಿತು. ಇದನ್ನು ಏನಂತ ಹೇಳುತ್ತಾರೆ? ಅತ್ತಿಗೆ ಸ್ವಲ್ಪವೂ ತಡೆಯಲಿಲ್ಲ.

"ನೋಡಣ್ಣ, ಕಂಕಣ ಕಟ್ತಾವ್ರೆ. ಹೆಣ್ಣಿನ್ ಕಡೆಯೋರು ಕರ್ಕೊಂಡು ಹೋಗಾಕ್ ಬಂದವ್ರೆ. ಮಕ್ಳು ಸಿಕ್ಕಿದ್ರು, ಹಬ್ಬಾನೂ ಆಯ್ತು, ಮಾವಂಗೆ ಮದ್ವೆನೂ ಆಯ್ತು."

ಸಿಳ್ಳೆ, ಚಪ್ಪಾಳೆ. ನರಸಿಂಹಪ್ಪ ಎರಡೂ ಕೈ ಎತ್ತಿ ಅಕ್ಷತೆ ಹಾಕುವವನ ಹಾಗೆ ಕಡ್ಲೆಕಾಯಿ ಸಿಪ್ಪೆ ಎರಚಿದ. ಆಮೇಲೆ ಗೇಟಿನಲ್ಲಿ ರವಿಕೆ ಬಟ್ಟೆ ಹಂಚುತ್ತಿದ್ದ ನನ್ನ ಹತ್ತಿರ ಬಂದು, ಸುತ್ತ ನೂರು ಜನ ಕೇಳುವ ಹಾಗೆ ಅಂದ: "ಏನ್ ರಾಮಾಂಜಿ, ಮದ್ವೆಗೆ ಕರ್ದು ಮಜ್ಜಿಗೆ ಕೊಟ್ಟು ಕಳಿಸ್ತೀಯೇನ್ಲಾ?"

ಎದುರಿಗಿದ್ದ ಮೆಸ್ಸಿಗೆ ಹೋದೆ. ಚಿತ್ರಾನ್ನ, ಅನ್ನ, ಸಾರು, ಪಾಯಸ, ನೂರು ಎಲೆ ಅಂದೆ. ಮೆಸ್ಸಿನವನು ಒಂದು ಬೆಲೆ ಹೇಳಿ, ನಾನು ಇಳಿಸುತ್ತೇನೆ ಅಂತ ಕಾದು ನಿಂತ. ಪಾಯಸಕ್ಕೆ ಗೋಡಂಬಿ ಮರೆಯಬೇಡ ಅಂದು ವಾಪಸ್ ಬಂದೆ.